ಪುಟ್ ಆಫ್ ಎಂದರೆ ರದ್ದಲ್ಲ

'ಯುವರ್ ಇಂಟರ್‌ವ್ಯೂ ಹ್ಯಾಸ್ ಬೀನ್ ಪುಟ್ ಆಫ್ ಟಿಲ್ ಥರ್ಸ್‌ಡೇ.' ಕೆಲಸ ಹುಡುಕುತ್ತಿರುವವರ ಮೊಬೈಲಿಗೆ ಇಂಥ ಸಂದೇಶ ಬಂದರೆ ಕಣ್ಣು ಮೊದಲು ನಿಲ್ಲುವುದು 'ಆಫ್' ಎಂಬ ಪುಟ್ಟ ಪದದ ಮೇಲೆ. ನಮ್ಮ ದಿನದ ಮಾತಿನಲ್ಲಿ ಆಫ್ ಎಂದರೆ ಮುಗಿಯಿತು ಅಂತಲೇ ಲೆಕ್ಕ. ಫೋನ್ ಆಫ್ ಆಯ್ತು, ಮೋಟರ್ ಆಫ್ ಮಾಡು, ಯಾಕೋ ಮೂಡ್ ಆಫ್ ಆಗಿದೆ. ಅದೇ ಜಾಡಿನಲ್ಲಿ ಓದಿಕೊಂಡರೆ ಸಂದರ್ಶನವೂ ಕೈತಪ್ಪಿತು ಅನ್ನಿಸುತ್ತದೆ. ಆದರೆ ಸಂದೇಶ ಹೇಳುತ್ತಿರುವುದೇ ಬೇರೆ. ಸಂದರ್ಶನ ಇದೆ, ಗುರುವಾರ ಬನ್ನಿ.

ಇಂಗ್ಲಿಷ್ ಬಾರದವರಿಗೆ ಮಾತ್ರ ಆಗುವ ಗೊಂದಲ ಇದಲ್ಲ. ಪುಟ್ ಎಂದರೆ ಇಡು, ಹಾಕು ಎಂದು ಒಂದನೇ ತರಗತಿಯ ಮಕ್ಕಳಿಗೂ ಗೊತ್ತು. ಆಫ್ ಅಂತೂ ಕನ್ನಡದ ಪದವೇ ಆಗಿಹೋಗಿದೆ. ಎರಡನ್ನೂ ಬಲ್ಲವರ ಕೈಯಿಂದಲೇ, ಎರಡೂ ಜೊತೆಯಾದಾಗ, ಅರ್ಥ ಜಾರಿಹೋಗುತ್ತದೆ. ಪರೀಕ್ಷೆಯ ಪ್ರಕಟಣೆ, ಕಂಪನಿಯ ಮೇಲ್, ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ಇಂಗ್ಲಿಷ್ ಪತ್ರಿಕೆಯ ತಲೆಬರಹ, ಎಲ್ಲ ಕಡೆಯೂ ಎದುರಾಗುವ ಈ ಜೋಡಿಯನ್ನು ಒಮ್ಮೆ ಬುಡದಿಂದ ಬಿಡಿಸಿ ನೋಡುವುದು ಒಳ್ಳೆಯದು. ಇದರ ಐದಾರು ಅರ್ಥಗಳನ್ನು ಉರು ಹೊಡೆಯಬೇಕಿಲ್ಲ. ಎಲ್ಲದರ ಒಳಗೂ ಒಂದೇ ಚಿತ್ರವಿದೆ.

ಎರಡು ಪದ, ಒಂದೇ ಕ್ರಿಯೆ

ಇಂಗ್ಲಿಷಿನಲ್ಲಿ ಒಂದು ಸಾಧಾರಣ ಕ್ರಿಯಾಪದದ ಬೆನ್ನಿಗೆ ಅಪ್, ಡೌನ್, ಆನ್, ಆಫ್, ಔಟ್ ಥರದ ಚಿಕ್ಕ ಪದವೊಂದು ಸೇರಿ, ಎರಡೂ ಒಟ್ಟಾಗಿ ಹೊಸದೊಂದು ಅರ್ಥ ಕೊಟ್ಟರೆ ಅದನ್ನು ಫ್ರೇಸಲ್ ವರ್ಬ್ ಅನ್ನುತ್ತಾರೆ. ಗಿವ್ ಎಂದರೆ ಕೊಡು, ಅಪ್ ಎಂದರೆ ಮೇಲೆ. ಆದರೆ ಗಿವ್ ಅಪ್ ಎಂದರೆ ಕೈಚೆಲ್ಲು, ಬಿಟ್ಟುಬಿಡು. ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ಬರಹಗಾರ 1925ರಲ್ಲಿ ಈ ಹೆಸರನ್ನು ಚಲಾವಣೆಗೆ ತಂದರು. ಹೆಸರು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾಗಿದ್ದ ಹೆನ್ರಿ ಬ್ರಾಡ್ಲಿ ಎಂದು ಅವರೇ ಬರೆದುಕೊಂಡಿದ್ದಾರೆ. ಹೆಸರು ಬಂದು ನೂರು ವರ್ಷವಾಗಿರಬಹುದು, ಇಂಥ ಜೋಡಿಪದಗಳನ್ನು ಇಂಗ್ಲಿಷರು ಅದಕ್ಕಿಂತ ಎಷ್ಟೋ ಶತಮಾನ ಮೊದಲಿನಿಂದ ಆಡುತ್ತಿದ್ದರು.

ಈ ಜಾಯಮಾನ ನಮಗೇನೂ ಹೊಸದಲ್ಲ. 'ಅವನು ಕೈಕೊಟ್ಟ' ಎಂದರೆ ಕೈಯನ್ನು ಕೊಟ್ಟ ಅಂತ ಯಾವ ಕನ್ನಡಿಗರೂ ತಿಳಿಯುವುದಿಲ್ಲ. ತಪ್ಪನ್ನು 'ಹೊಟ್ಟೆಗೆ ಹಾಕಿಕೊಳ್ಳಿ' ಎಂದರೆ ಊಟದ ಮಾತಲ್ಲ. ವಾದವನ್ನು ತಳ್ಳಿಹಾಕುತ್ತೇವೆ, ಬೇಡದವರನ್ನು ಸಾಗಹಾಕುತ್ತೇವೆ, ಒಪ್ಪಿಗೆಯಿಲ್ಲದ ಕೆಲಸಕ್ಕೆ ಹಿಂದೇಟು ಹಾಕುತ್ತೇವೆ. ಹಾಕು ಎಂಬ ಒಂದೇ ಪದ ಪಕ್ಕದವರನ್ನು ನೋಡಿಕೊಂಡು ಬಣ್ಣ ಬದಲಿಸುತ್ತದೆ. ಇಂಗ್ಲಿಷಿನ ಪುಟ್ ಮಾಡುವುದೂ ಇದನ್ನೇ. ಆನ್ ಸೇರಿದರೆ ತೊಟ್ಟುಕೊಳ್ಳುವುದು, ಔಟ್ ಸೇರಿದರೆ ಬೆಂಕಿ ಆರಿಸುವುದು, ಅಪ್ ವಿತ್ ಸೇರಿದರೆ ಸಹಿಸಿಕೊಳ್ಳುವುದು.

ಇದರ ಹಿಂದೆ ಒಂದಿಷ್ಟು ಚರಿತ್ರೆಯಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್ ಕುಳಿತಿತು. ಇಗರ್ಜಿ ಮತ್ತು ವಿದ್ಯೆಯ ಭಾಷೆಯಾಗಿ ಲ್ಯಾಟಿನ್ ಮೊದಲಿನಿಂದಲೂ ಇತ್ತು. ಮನೆ, ಹೊಲ, ಸಂತೆಯ ಮಾತು ಮಾತ್ರ ಹಳೆಯ ಇಂಗ್ಲಿಷಿನಲ್ಲೇ ಉಳಿಯಿತು. ಹೀಗಾಗಿ ಇವತ್ತಿಗೂ ಒಂದೇ ಸಂಗತಿಗೆ ಅಲ್ಲಿ ಎರಡು ಪದ ಸಿಗುತ್ತವೆ, ಒಂದು ಲ್ಯಾಟಿನ್ ಮೂಲದ ಗಂಭೀರ ಪದ, ಇನ್ನೊಂದು ಮನೆಮಾತಿನ ಜೋಡಿಪದ. ಪೋಸ್ಟ್‌ಪೋನ್ ಮತ್ತು ಪುಟ್ ಆಫ್ ಅಂಥ ಅವಳಿ. ಲ್ಯಾಟಿನ್ನಿನಲ್ಲಿ ಪೋಸ್ಟ್ ಎಂದರೆ ಆಮೇಲೆ, ಪೋನೆರೆ ಎಂದರೆ ಇಡು. ಎರಡರಲ್ಲೂ ಇರುವುದು ಒಂದನ್ನು ಅದರ ಜಾಗದಿಂದ ಎತ್ತಿ ಆಚೆ ಇಡುವ ಕೆಲಸವೇ.

ಆಫ್ ಎಂದರೆ ದೂರ

ಒಗಟು ಬಿಡಿಸುವ ಬೀಗದ ಕೈ ಇರುವುದು ಆಫ್‌ನಲ್ಲಿ. ಆಫ್ (off) ಮತ್ತು ಆವ್ (of) ಎಂದು ಈಗ ಬೇರೆ ಬೇರೆಯಾಗಿ ಬರೆಯುವ ಎರಡು ಪದಗಳು ಹಳೆಯ ಇಂಗ್ಲಿಷಿನಲ್ಲಿ ಒಂದೇ ಆಗಿದ್ದವು. ಒತ್ತಿ ಹೇಳಿದಾಗ ಬರುತ್ತಿದ್ದ ರೂಪವೇ ನಿಧಾನವಾಗಿ ಆಫ್ ಎಂದು ಬೇರೆ ಪದವಾಯಿತು. ಅದರ ಮೂಲ ಅರ್ಥ 'ಅಲ್ಲಿಂದ ದೂರ', 'ಅಂಟಿಕೊಂಡಿದ್ದ ಜಾಗ ಬಿಟ್ಟು ಆಚೆ'.

ಕ್ರಿಕೆಟ್ ನೋಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬ್ಯಾಟ್ಸ್‌ಮನ್ನಿನ ಕಾಲಿನ ಬದಿಗೆ ಇರುವುದು ಲೆಗ್ ಸ್ಟಂಪ್, ಕಾಲಿನಿಂದ ಆಚೆಗಿರುವುದು ಆಫ್ ಸ್ಟಂಪ್. ಅಲ್ಲಿ ಏನೂ ಮುಗಿದಿಲ್ಲ, ಯಾವುದೂ ನಿಂತಿಲ್ಲ. ದೂರದ್ದು ಎಂಬುದಷ್ಟೇ ಅರ್ಥ. ವಿಮಾನ ಟೇಕ್ ಆಫ್ ಆಗುವಾಗಲೂ ಅಷ್ಟೇ, ಅದು ನೆಲದಿಂದ ಬೇರೆಯಾಗುತ್ತದೆ. ದೀಪದ ಸ್ವಿಚ್ಚಿನ ಮೇಲಿರುವ ಆಫ್ ಕೂಡ ಇದರ ಕೂಸೇ. ವಿದ್ಯುತ್ತಿನ ಸಂಪರ್ಕ ಬಿಟ್ಟುಹೋಗಿದೆ ಎಂದು ಅದು ಹೇಳುತ್ತದೆ. ನಮಗೆ ಇಂಗ್ಲಿಷಿನ ಆಫ್ ಮೊದಲು ಪರಿಚಯವಾದದ್ದು ಸ್ವಿಚ್ಚಿನ ಮೂಲಕ. ಅದಕ್ಕೇ 'ಮುಗಿಯಿತು' ಎಂಬ ಒಂದೇ ಅರ್ಥ ತಲೆಯಲ್ಲಿ ಗಟ್ಟಿಯಾಗಿ ಕುಳಿತಿದೆ.

ಪುಟ್ ಆಫ್‌ನ ಹಳೆಯ ಬಳಕೆಗಳಲ್ಲಿ ಈ ದೂರ ಕಣ್ಣಿಗೇ ಕಾಣುತ್ತದೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ಉರಿಯುವ ಪೊದೆಯ ಬಳಿ ಬಂದ ಮೋಶೆಗೆ ಕೆರ ಕಳಚಿಡು ಎಂದು ದೇವರು ಹೇಳುವ ಕಡೆ ಬಳಕೆಯಾಗಿರುವುದು ಪುಟ್ ಆಫ್. ಕಾಲಿನಿಂದ ಕೆರವನ್ನು ದೂರ ಇಡುವುದು. ದೋಣಿ ದಡ ಬಿಟ್ಟು ಹೊರಟರೆ 'ದ ಬೋಟ್ ಪುಟ್ ಆಫ್ ಫ್ರಮ್ ದ ಶೋರ್' ಎನ್ನುತ್ತಿದ್ದರು. ಈ ಎರಡೂ ಬಳಕೆಗಳು ಈಗ ಹಳೆಯ ಪುಸ್ತಕಗಳಲ್ಲೇ ಹೆಚ್ಚು. ಬಟ್ಟೆ ಕಳಚುವುದಕ್ಕೆ ಇವತ್ತಿನ ಮಾತು ಟೇಕ್ ಆಫ್. ಆದರೂ ಆ ಚಿತ್ರ ತಿಳಿದಿದ್ದರೆ ಉಳಿದದ್ದೆಲ್ಲ ಸಲೀಸು. ಕೆರವನ್ನು ಕಾಲಿನಿಂದ ದೂರ ಇಟ್ಟಂತೆ ಒಂದು ಕಾರ್ಯಕ್ರಮವನ್ನು ಅದರ ದಿನಾಂಕದಿಂದ ದೂರ ಇಟ್ಟರೆ ಅದು ಮುಂದೂಡಿಕೆ. ಒಬ್ಬರ ಮನಸ್ಸನ್ನು ಒಂದು ಆಸೆಯಿಂದ ದೂರ ಇಟ್ಟರೆ ಅದು ನಿರುತ್ಸಾಹ. ಬಾಗಿಲಿಗೆ ಬಂದವರನ್ನು ಬಾಗಿಲಿನಿಂದ ದೂರ ಇಟ್ಟರೆ ಅದು ಸಾಗಹಾಕುವುದು.

ಮುಂದೂಡುವುದು, ರದ್ದು ಮಾಡುವುದು

ಇವತ್ತು ಪುಟ್ ಆಫ್ ಅತಿ ಹೆಚ್ಚು ಬಳಕೆಯಾಗುವುದು ಮುಂದೂಡುವ ಅರ್ಥದಲ್ಲಿ. ಇದರ ಪಕ್ಕದಲ್ಲೇ ನಿಂತು ಗೊಂದಲ ಮಾಡುವ ಇನ್ನೊಂದು ಜೋಡಿ ಕಾಲ್ ಆಫ್. ಅದರ ಅರ್ಥ ರದ್ದು. ಎರಡರ ನಡುವಿನ ಅಂತರ ಅಡುಗೆಮನೆಯಲ್ಲಿ ಸುಲಭವಾಗಿ ಕಾಣುತ್ತದೆ. ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನು ಇಳಿಸಿ ಪಕ್ಕಕ್ಕಿಟ್ಟರೆ ಪುಟ್ ಆಫ್, ಸಾರು ಹಾಗೇ ಇದೆ, ಮತ್ತೆ ಒಲೆಗೇರುತ್ತದೆ. ಸಾರನ್ನೇ ಚೆಲ್ಲಿಬಿಟ್ಟರೆ ಕಾಲ್ ಆಫ್.

2020ರ ವರ್ಷ ಈ ಎರಡಕ್ಕೂ ಒಳ್ಳೆಯ ಉದಾಹರಣೆ ಕೊಟ್ಟಿತು. ಆ ವರ್ಷ ಜುಲೈ 24ಕ್ಕೆ ಟೋಕಿಯೊದಲ್ಲಿ ಒಲಿಂಪಿಕ್ಸ್ ಶುರುವಾಗಬೇಕಿತ್ತು. ಕೊರೊನಾ ಹರಡುತ್ತಿದ್ದ ಕಾರಣ ಮಾರ್ಚ್ 24ರಂದು ಅದನ್ನು ಮುಂದಿನ ವರ್ಷಕ್ಕೆ ಮುಂದೂಡಿದರು. ಕ್ರೀಡಾಕೂಟ 2021ರ ಜುಲೈ 23ರಿಂದ ಆಗಸ್ಟ್ 8ರವರೆಗೆ ನಡೆಯಿತು. ದಿನಾಂಕ ಸರಿದರೂ ಹೆಸರು 'ಟೋಕಿಯೊ 2020' ಎಂದೇ ಉಳಿಯಿತು. ಇದು ಪುಟ್ ಆಫ್. ಅದೇ ಬೇಸಿಗೆಯ ವಿಂಬಲ್ಡನ್ ಟೆನಿಸ್ ಟೂರ್ನಿಯನ್ನು ಮುಂದೂಡಲಿಲ್ಲ, ಕೈಬಿಟ್ಟರು. ಎರಡನೇ ಮಹಾಯುದ್ಧದ ನಂತರ ವಿಂಬಲ್ಡನ್ ನಡೆಯದೆ ಹೋದದ್ದು ಅದೇ ಮೊದಲು. ಅದು ಕಾಲ್ ಆಫ್.

ನಮ್ಮಲ್ಲಿಯೂ ಇದೇ ಜೋಡಿ ಕಂಡಿತು. 2020ರ ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಲಾಕ್‌ಡೌನಿನಿಂದಾಗಿ ನಿಂತು, ಜೂನ್ 25ರಿಂದ ನಡೆಯಿತು. ಮಾಸ್ಕ್ ಹಾಕಿಕೊಂಡು, ಅಂತರ ಬಿಟ್ಟು ಕೂತು ಬರೆದ ಮಕ್ಕಳಿಗೆ ಅದು ನೆನಪಿರುತ್ತದೆ. ಮರುವರ್ಷ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲೇ ಇಲ್ಲ, ಹಿಂದಿನ ಅಂಕಗಳ ಆಧಾರದಲ್ಲಿ ಫಲಿತಾಂಶ ಕೊಟ್ಟರು. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ಪುಟ್ ಆಫ್, ಎರಡನೆಯದಕ್ಕೆ ಕಾಲ್ ಆಫ್. ಎರಡರಲ್ಲೂ ಆಫ್ ಇದೆ. ಓದು ಮುಂದುವರಿಸಬೇಕೇ, ಪುಸ್ತಕ ಕಟ್ಟಿಡಬಹುದೇ ಎಂಬುದು ನಿಂತಿರುವುದು ಅದರ ಹಿಂದಿನ ಪದದ ಮೇಲೆ.

ಪುಟ್ ಆಫ್ ಜೊತೆ 'ಇನ್‌ಡೆಫಿನಿಟ್ಲಿ' ಎಂದಿದ್ದರೆ ಅನಿರ್ದಿಷ್ಟಾವಧಿಗೆ ಮುಂದೂಡಿದ್ದಾರೆ, ಹೊಸ ದಿನ ಇನ್ನೂ ಗೊತ್ತುಮಾಡಿಲ್ಲ ಎಂದರ್ಥ. ಅಲ್ಲಿಯೂ ರದ್ದು ಎಂಬ ಮಾತಿಲ್ಲ. ಹಾಗೆ ಮುಂದೂಡಿದ ಎಷ್ಟೋ ಕಾರ್ಯಕ್ರಮಗಳು ಆಮೇಲೆ ನಡೆಯುವುದೇ ಇಲ್ಲ ಎಂಬುದು ನಿಜ, ಆದರೆ ಅದು ಪದದ ಅರ್ಥದೊಳಗೆ ಸೇರಿದ್ದಲ್ಲ.

ಕಾರ್ಯಕ್ರಮಗಳಷ್ಟೇ ಅಲ್ಲ, ನಾವು ಮಾಡಬೇಕಾದ ಕೆಲಸಗಳನ್ನು ಇವತ್ತು ನಾಳೆ ಎಂದು ತಳ್ಳುವುದಕ್ಕೂ ಇದೇ ಪದ. ಹಲ್ಲು ನೋವಿದ್ದರೂ ಡಾಕ್ಟರ ಬಳಿ ಹೋಗದಿರುವುದು, ವಿಮೆಯ ಅರ್ಜಿ ತುಂಬದಿರುವುದು, ಸಾಲದ ಲೆಕ್ಕ ನೋಡದಿರುವುದು. 'ನೆವರ್ ಪುಟ್ ಆಫ್ ಟಿಲ್ ಟುಮಾರೊ ವಾಟ್ ಯು ಕ್ಯಾನ್ ಡೂ ಟುಡೇ' ಎಂಬ ಇಂಗ್ಲಿಷ್ ಗಾದೆ ಶಾಲೆಯ ಗೋಡೆಗಳ ಮೇಲೆ ಕಂಡಿರುತ್ತದೆ. ನಮ್ಮ 'ನಾಳೆ ಎಂದವನ ಮನೆ ಹಾಳು' ಅದಕ್ಕಿಂತ ಚುರುಕಾಗಿ ಅದೇ ಮಾತು ಹೇಳುತ್ತದೆ.

ಮುಂದಕ್ಕೆ ಹಾಕಿದರೆ ಇಂಗ್ಲಿಷಿನಲ್ಲಿ ಹಿಂದಕ್ಕೆ ಬರುತ್ತದೆ

ಇಲ್ಲಿ ಕನ್ನಡಿಗರು ಬೀಳುವ ಒಂದು ಹಳ್ಳವಿದೆ. ಈ ಲೇಖನದಿಂದ ಒಂದೇ ಸಂಗತಿ ತೆಗೆದುಕೊಳ್ಳುವುದಾದರೆ ಇದನ್ನೇ ತೆಗೆದುಕೊಳ್ಳಿ.

ಕನ್ನಡದಲ್ಲಿ 'ಮೀಟಿಂಗ್ ಮುಂದಕ್ಕೆ ಹಾಕಿದ್ದಾರೆ' ಎಂದರೆ ಮೀಟಿಂಗ್ ತಡವಾಗಿ ನಡೆಯುತ್ತದೆ. ಮುಂದೆ ಎಂದರೆ ಬರಲಿರುವ ಕಾಲ, ಅಲ್ಲಿಗೆ ದೂಡಿದ್ದಾರೆ. ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು 'ದ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಫಾರ್ವರ್ಡ್' ಎಂದು ಬರೆದರೆ ಲಂಡನ್ನಿನಲ್ಲಿ ಕೂತ ಸಹೋದ್ಯೋಗಿ ಅದನ್ನು ತಿರುಗಾಮುರುಗ ಓದುತ್ತಾರೆ. ಇಂಗ್ಲಿಷಿನಲ್ಲಿ ದಿನಾಂಕವನ್ನು ಬ್ರಿಂಗ್ ಫಾರ್ವರ್ಡ್ ಅಥವಾ ಪುಟ್ ಫಾರ್ವರ್ಡ್ ಮಾಡುವುದು ಎಂದರೆ ಬೇಗ ನಡೆಸುವುದು. ಶುಕ್ರವಾರದ ಸಭೆ ಬುಧವಾರಕ್ಕೇ ಬರುತ್ತದೆ. ತಡ ಮಾಡುವುದಕ್ಕೆ ಪುಟ್ ಬ್ಯಾಕ್ ಅಥವಾ ಪುಶ್ ಬ್ಯಾಕ್ ಅನ್ನುತ್ತಾರೆ. ನಾವು ಮುಂದೆ ಅನ್ನುವ ಕಡೆ ಅವರು ಬ್ಯಾಕ್ ಅನ್ನುತ್ತಾರೆ.

ಹೀಗೇಕೆ? ನಾವು ಕಾಲದೊಳಗೆ ನಡೆದುಹೋಗುತ್ತಿದ್ದೇವೆ ಎಂದುಕೊಂಡರೆ ಫಾರ್ವರ್ಡ್ ಎಂದರೆ ನಮ್ಮ ಮುಂದಿನ ದಿನಗಳ ಕಡೆ. ಕಾಲವೇ ನಮ್ಮತ್ತ ಬರುತ್ತಿದೆ, ದಿನಗಳು ಸಾಲುಗಟ್ಟಿ ನಮ್ಮ ಕಡೆ ನಡೆದು ಬರುತ್ತಿವೆ ಎಂದುಕೊಂಡರೆ ಫಾರ್ವರ್ಡ್ ಎಂದರೆ ನಮಗೆ ಹತ್ತಿರ. ಇಂಗ್ಲಿಷಿನವರಿಗೂ ಇದರಲ್ಲಿ ಒಮ್ಮತವಿಲ್ಲ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರಾಮ್ಸ್ಕರ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಕೇಳಿದ ಪ್ರಶ್ನೆ ಇದು: ಮುಂದಿನ ಬುಧವಾರದ ಸಭೆಯನ್ನು ಎರಡು ದಿನ 'ಮೂವ್ಡ್ ಫಾರ್ವರ್ಡ್' ಮಾಡಲಾಗಿದೆ, ಹಾಗಾದರೆ ಸಭೆ ಯಾವತ್ತು? ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ವಿಮಾನದಲ್ಲಿ ಪ್ರಯಾಣ ಮಾಡಿ ಆಗಷ್ಟೇ ಇಳಿದವರಲ್ಲಿ ಶುಕ್ರವಾರ ಎನ್ನುವವರು ಹೆಚ್ಚಿದ್ದರು. ತಾವೇ ಮುಂದೆ ಸಾಗಿಬಂದ ಅನುಭವ ಮೈಯಲ್ಲಿದ್ದವರಿಗೆ ಕಾಲದಲ್ಲೂ ತಾವೇ ಸಾಗುತ್ತಿರುವಂತೆ ತೋರಿತು ಎಂಬುದು ಸಂಶೋಧಕರ ವಿವರಣೆ.

ಪುಟ್ ಆಫ್‌ನ ಅನುಕೂಲ ಇರುವುದೇ ಇಲ್ಲಿ. ಅದರಲ್ಲಿ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ದೂರ ಎಂಬುದು ಮಾತ್ರ ಇದೆ, ದೂರ ಹೋದ ದಿನ ತಡವಾಗಿಯೇ ಬರುತ್ತದೆ. ಇನ್ನು ಬೇಗ ನಡೆಸುವುದಕ್ಕೆ ನಮ್ಮ ಕಚೇರಿಗಳಲ್ಲಿ ಧಾರಾಳವಾಗಿ ಓಡಾಡುವ 'ಪ್ರಿಪೋನ್' ಪದ ತಪ್ಪಲ್ಲ. ಆಕ್ಸ್‌ಫರ್ಡ್ ನಿಘಂಟು ಅದನ್ನು ಭಾರತದ ಇಂಗ್ಲಿಷ್ ಎಂಬ ಗುರುತಿನೊಂದಿಗೆ ಸೇರಿಸಿಕೊಂಡಿದೆ. ಆದರೆ ಭಾರತದ ಹೊರಗೆ ಅನೇಕರು ಅದನ್ನು ಕೇಳಿಯೇ ಇರುವುದಿಲ್ಲ, ಅವರೊಡನೆ ಬ್ರಿಂಗ್ ಫಾರ್ವರ್ಡ್ ಎನ್ನುವುದು ವಾಸಿ.

ಮನಸ್ಸು ಮುರಿಯುವ ಪುಟ್ ಆಫ್

'ದ ಫೀಸ್ ಪುಟ್ ಮಿ ಆಫ್' ಎಂದು ಯಾರಾದರೂ ಹೇಳಿದರೆ ಅಲ್ಲಿ ಮುಂದೂಡಿಕೆಯ ಸುದ್ದಿಯೇ ಇಲ್ಲ. ಶುಲ್ಕ ನೋಡಿ ಸೇರುವ ಮನಸ್ಸೇ ಹೋಯಿತು ಎಂದು ಅವರು ಹೇಳುತ್ತಿದ್ದಾರೆ. ದೂರವಾದದ್ದು ಈ ಸಲ ದಿನಾಂಕವಲ್ಲ, ಮನಸ್ಸು.

ಊಟದ ವಿಷಯದಲ್ಲಿ ಇದು ಬಹಳ ಬರುತ್ತದೆ. 'ದ ಸ್ಮೆಲ್ ಪುಟ್ ಮಿ ಆಫ್ ಮೈ ಫುಡ್' ಎಂದರೆ ಆ ವಾಸನೆಗೆ ಊಟವೇ ಸೇರಲಿಲ್ಲ. ಚಹಾದಲ್ಲಿ ಒಮ್ಮೆ ನೊಣ ಬಿದ್ದದ್ದು ನೋಡಿದವರು 'ಇಟ್ ಪುಟ್ ಮಿ ಆಫ್ ಟೀ ಫಾರ್ ಎ ವೀಕ್' ಅನ್ನಬಹುದು, ವಾರದ ತನಕ ಚಹಾದ ಕಡೆ ಮುಖ ಹಾಕಲಿಲ್ಲ ಅಂತ. ಪುಟ್ ಮತ್ತು ಆಫ್ ನಡುವೆ ವ್ಯಕ್ತಿ, ಆಫ್‌ನ ನಂತರ ಬೇಡವಾದ ವಸ್ತು. ಈ ಕ್ರಮ ಬದಲಾಗುವುದಿಲ್ಲ. ವಸ್ತುವಿನ ಬದಲು ಕೆಲಸವಿದ್ದರೆ ಇಂಗ್ ರೂಪ ಬರುತ್ತದೆ: 'ದ ಲಾಂಗ್ ಫಾರ್ಮ್ ಪುಟ್ ಹರ್ ಆಫ್ ಅಪ್ಲೈಯಿಂಗ್'. ಅಷ್ಟುದ್ದದ ಅರ್ಜಿ ನೋಡಿ ಆಕೆ ಅರ್ಜಿ ಹಾಕುವುದನ್ನೇ ಬಿಟ್ಟಳು.

ಇದರಿಂದಲೇ ಹುಟ್ಟಿದ ವಿಶೇಷಣ 'ಆಫ್-ಪುಟಿಂಗ್'. ಪದಗಳು ಇಲ್ಲಿ ಅದಲುಬದಲಾಗಿವೆ. ಒಬ್ಬರ ಮಾತಿನ ಧಾಟಿ ಆಫ್-ಪುಟಿಂಗ್ ಆಗಿದೆ ಎಂದರೆ ಹತ್ತಿರ ಹೋಗಲು ಮನಸ್ಸಾಗದ ಹಾಗಿದೆ ಎಂದರ್ಥ. ಅಸಹ್ಯ ಎಂಬಷ್ಟು ಖಾರ ಇದರಲ್ಲಿಲ್ಲ, ಹಾಗಾಗಿ ವಿಮರ್ಶೆಯಲ್ಲಿ ಮತ್ತು ದೂರು ಹೇಳುವಾಗ ಸಭ್ಯವಾಗಿಯೇ ಬಳಸಬಹುದು.

ಬ್ರಿಟಿಷರ ಮಾತಿನಲ್ಲಿ ಇನ್ನೂ ಒಂದು ಹೆಜ್ಜೆಯಿದೆ. ಟೆನಿಸ್ ಆಟಗಾರ್ತಿ ಸರ್ವ್ ಮಾಡಲು ಚೆಂಡು ಮೇಲೆಸೆಯುವ ಹೊತ್ತಿಗೆ ಪ್ರೇಕ್ಷಕರು ಕೂಗಿದರೆ 'ದ ನಾಯ್ಸ್ ಪುಟ್ ಹರ್ ಆಫ್' ಅನ್ನುತ್ತಾರೆ. ಗಲಾಟೆಗೆ ಏಕಾಗ್ರತೆ ತಪ್ಪಿತು. ಓದುತ್ತಿರುವವರ ಪಕ್ಕ ಪೆನ್ನು ಟಕಟಕ ಅನ್ನಿಸುತ್ತ ಕೂತರೆ 'ಯು ಆರ್ ಪುಟಿಂಗ್ ಮಿ ಆಫ್' ಎಂಬ ಮಾತು ಬರಬಹುದು. ಮನಸ್ಸನ್ನು ಕೆಲಸದಿಂದ ದೂರ ಸರಿಸುತ್ತಿದ್ದೀರಿ ಎಂಬುದೇ ಅದರ ತಾತ್ಪರ್ಯ, ಕೆಲಸ ಬೇಡವಾಯಿತು ಅಂತಲ್ಲ.

ನಾಳೆ ಬಾ

ಮನುಷ್ಯರನ್ನೇ ದೂರ ಇಡುವ ಅರ್ಥ ಉಳಿಯಿತು. ಸಾಲ ವಸೂಲಿಗೆ ಬಂದವರಿಗೆ, ಉತ್ತರ ಕೇಳಿದವರಿಗೆ, ಮನೆಗೆ ಬರುತ್ತೇನೆ ಎಂದವರಿಗೆ ಏನೋ ಒಂದು ನೆವ ಹೇಳಿ ಆಮೇಲೆ ನೋಡೋಣ ಎಂದು ಸಾಗಹಾಕುವುದು. 'ಹೀ ಕೀಪ್ಸ್ ಪುಟಿಂಗ್ ಮಿ ಆಫ್' ಎಂದರೆ ಕೇಳಿದಾಗಲೆಲ್ಲ ಏನಾದರೊಂದು ಹೇಳಿ ಜಾರಿಕೊಳ್ಳುತ್ತಾನೆ. ನೆವವನ್ನೂ ಹೇಳಬೇಕಿದ್ದರೆ ವಿತ್ ಸೇರುತ್ತದೆ: 'ಹೀ ಪುಟ್ ಮಿ ಆಫ್ ವಿತ್ ಆ್ಯನ್ ಎಕ್ಸ್‌ಕ್ಯೂಸ್'.

ಇದಕ್ಕೆ ನಮ್ಮ ನೆಲದಲ್ಲೇ ಅಪರೂಪದ ಉದಾಹರಣೆಯಿದೆ. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ರಾಜ್ಯದ ಬೇರೆ ಊರುಗಳಲ್ಲಿಯೂ ಮನೆಯ ಬಾಗಿಲ ಮೇಲೆ, ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ರಾತ್ರಿ ಹೊತ್ತು ದೆವ್ವವೊಂದು ಮನೆಯವರ ದನಿಯಲ್ಲೇ ಕರೆದು ಬಾಗಿಲು ಬಡಿಯುತ್ತದೆ, ತೆಗೆದರೆ ಕೆಡುಕಾಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಬಾಗಿಲಿಗೆ ಬಂದ ದೆವ್ವ ಬರಹ ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಇದನ್ನು ಇಂಗ್ಲಿಷಿನಲ್ಲಿ ಹೇಳಿದರೆ 'ದೇ ಪುಟ್ ದ ಘೋಸ್ಟ್ ಆಫ್ ವಿತ್ ಟೂ ವರ್ಡ್ಸ್' ಆಗುತ್ತದೆ. ದೆವ್ವವನ್ನು ಓಡಿಸಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಇವತ್ತಿನಿಂದ ದೂರ ಇಟ್ಟರು, ದಿನಾ ಇಟ್ಟರು. ಅಂಗಡಿಗಳಲ್ಲಿ ತೂಗುವ 'ಇಂದು ನಗದು, ನಾಳೆ ಉದ್ರಿ' ಫಲಕ ಗಿರಾಕಿಗೆ ಮಾಡುವುದೂ ಇದನ್ನೇ.

ಯಾವ ಅರ್ಥ ಎಂದು ಗುರುತಿಸುವುದು

ಇಷ್ಟು ಅರ್ಥಗಳಿದ್ದರೆ ಓದುವಾಗ ಆರಿಸಿಕೊಳ್ಳುವುದು ಹೇಗೆ? ದೂರ ಇಟ್ಟದ್ದು ಏನನ್ನು ಎಂದು ನೋಡಿದರೆ ಮುಕ್ಕಾಲು ಪಾಲು ತಿಳಿಯುತ್ತದೆ. ಪರೀಕ್ಷೆ, ಮದುವೆ, ಪಂದ್ಯ, ನಿರ್ಧಾರ, ಪ್ರಯಾಣದಂಥದ್ದಾಗಿದ್ದರೆ ಮುಂದೂಡಿಕೆ. ಮನುಷ್ಯರಾಗಿದ್ದರೆ ಮನಸ್ಸು ಮುರಿದದ್ದು, ಗಮನ ತಪ್ಪಿದ್ದು ಅಥವಾ ಸಾಗಹಾಕಿದ್ದು, ಸಂದರ್ಭ ನೋಡಿಕೊಳ್ಳಬೇಕು.

'ಬೈ' ಎಂಬ ಪದ ಬಂದಾಗ ಇದು ವಿಶೇಷವಾಗಿ ನೆರವಾಗುತ್ತದೆ. 'ದ ಎಕ್ಸಾಮ್ ವಾಸ್ ಪುಟ್ ಆಫ್ ಬೈ ಎ ವೀಕ್' ಎಂದರೆ ಪರೀಕ್ಷೆಯನ್ನು ಒಂದು ವಾರ ಮುಂದೂಡಿದರು. 'ಶೀ ವಾಸ್ ಪುಟ್ ಆಫ್ ಬೈ ದ ಎಕ್ಸಾಮ್' ಎಂದರೆ ಪರೀಕ್ಷೆಯನ್ನು ನೋಡಿ ಅವಳು ಹಿಂಜರಿದಳು. ಮೊದಲನೆಯ ಬೈ ಎಷ್ಟು ಕಾಲ ಎಂದು ಹೇಳುತ್ತದೆ, ಎರಡನೆಯದು ಯಾವುದರಿಂದ ಎಂದು. ಟಿಲ್ ಅಥವಾ ಅಂಟಿಲ್ ಬಂದರೆ ಅನುಮಾನವೇ ಬೇಡ, ಮುಂದೆ ಹೊಸ ದಿನಾಂಕ ಇರುತ್ತದೆ.

ವಾಕ್ಯದೊಳಗೆ ಇಡುವ ಬಗೆ

ಪುಟ್ ಪದಕ್ಕೆ ಭೂತಕಾಲದಲ್ಲಿ ಬೇರೆ ರೂಪವಿಲ್ಲ. ನಿನ್ನೆಯೂ ಪುಟ್, ಇವತ್ತೂ ಪುಟ್, 'ಹ್ಯಾಸ್ ಬೀನ್' ಆದ ಮೇಲೂ ಪುಟ್. 'ಪುಟ್ಟೆಡ್ ಆಫ್' ಎಂಬುದು ಇಲ್ಲ.

ಮುಂದೂಡುವ ಅರ್ಥದಲ್ಲಿ ಪುಟ್ ಮತ್ತು ಆಫ್ ಜೊತೆಗೂ ಇರಬಹುದು, ಬಿಡಿಯಾಗಿಯೂ ನಿಲ್ಲಬಹುದು. 'ವಿ ಪುಟ್ ಆಫ್ ದ ವೆಡ್ಡಿಂಗ್' ಸರಿ, 'ವಿ ಪುಟ್ ದ ವೆಡ್ಡಿಂಗ್ ಆಫ್' ಎಂಬುದೂ ಸರಿ. ಆದರೆ ಮದುವೆ ಎಂದು ಹೆಸರಿಸದೆ 'ಅದನ್ನು' ಎನ್ನುವುದಾದರೆ ಸರ್ವನಾಮ ನಡುವೆ ಬರಲೇಬೇಕು: 'ವಿ ಪುಟ್ ಇಟ್ ಆಫ್'. 'ವಿ ಪುಟ್ ಆಫ್ ಇಟ್' ಎಂದರೆ ಇಂಗ್ಲಿಷ್ ಕಿವಿಗೆ ಕಲ್ಲು ಕಚ್ಚಿದ ಹಾಗೆ ಕೇಳುತ್ತದೆ. ನಮ್ಮವರು ಮಾತಿನಲ್ಲಿಯೂ ಬರಹದಲ್ಲಿಯೂ ಹೆಚ್ಚು ಎಡವುವ ಜಾಗ ಇದು. ಇದರ ತಿರುವುಮುರುವು, ಹೇಳಬೇಕಾದ್ದು ಉದ್ದವಾಗಿದ್ದರೆ ಅದನ್ನು ಕೊನೆಗೇ ಬಿಡಬೇಕು. ಹತ್ತು ಪದಗಳ ವಿವರವನ್ನು ಪುಟ್ ಮತ್ತು ಆಫ್ ನಡುವೆ ತುರುಕಿದರೆ ಆಫ್ ಬರುವ ಹೊತ್ತಿಗೆ ಓದುಗರು ಪುಟ್ ಅನ್ನು ಮರೆತಿರುತ್ತಾರೆ.

ಒಂದು ಕೆಲಸ ಮಾಡುವುದನ್ನು ಮುಂದೂಡಿದೆ ಎನ್ನುವಾಗ ಇಂಗ್ ರೂಪವೇ ಬೇಕು: 'ಐ ಪುಟ್ ಆಫ್ ಗೋಯಿಂಗ್ ಟು ದ ಡೆಂಟಿಸ್ಟ್'. 'ಪುಟ್ ಆಫ್ ಟು ಗೋ' ತಪ್ಪು. ಇಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. 'ಹೋಗಲು ಮುಂದೂಡಿದೆ' ಎಂದು ನಾವು ಯಾರೂ ಹೇಳುವುದಿಲ್ಲ, 'ಹೋಗುವುದನ್ನು ಮುಂದೂಡಿದೆ' ಎನ್ನುತ್ತೇವೆ. ಆ 'ಹೋಗುವುದನ್ನು' ಎಂಬುದೇ ಗೋಯಿಂಗ್.

ಕಿವಿಗೆ ಬಿದ್ದಾಗ

ಬರಹದಲ್ಲಿ ಗುರುತಿಸುವವರಿಗೂ ಫೋನಿನಲ್ಲಿ ಇದು ತಪ್ಪಿಹೋಗಬಹುದು. ಒತ್ತು ಬೀಳುವುದು ಪುಟ್ ಮೇಲಲ್ಲ, ಆಫ್ ಮೇಲೆ. ಜೊತೆಗೆ ಟಕಾರ ಮುಂದಿನ ಸ್ವರಕ್ಕೆ ಅಂಟಿಕೊಳ್ಳುತ್ತದೆ, 'ಪುಟಾಫ್' ಎಂದು ಒಂದೇ ಪದದ ಹಾಗೆ ಕೇಳುತ್ತದೆ. 'ಪುಟ್ ಇಟ್ ಆಫ್' ವೇಗದಲ್ಲಿ 'ಪುಟಿಟಾಫ್' ಆಗುತ್ತದೆ. ಅಮೆರಿಕದವರ ಬಾಯಲ್ಲಿ ಆ ಟಕಾರ ಮೆತ್ತಗಾಗಿ 'ಪುಡಿಡಾಫ್' ಎಂಬಂತೆ ಬರುತ್ತದೆ. ಕಾಲ್ ಸೆಂಟರಿನಲ್ಲಿ ಕೆಲಸ ಮಾಡುವವರು ಈ ಮೂರನ್ನೂ ಒಮ್ಮೆ ಗಟ್ಟಿಯಾಗಿ ಹೇಳಿಕೊಂಡು ನೋಡಬೇಕು. ಬಾಯಿಗೆ ಬಂದದ್ದು ಕಿವಿಗೂ ಸಿಗುತ್ತದೆ.

ಎಲ್ಲಿ ಬಳಸಬಹುದು

ಪುಟ್ ಆಫ್ ಮಾತಿನ ಪದ. ಗೆಳೆಯರೊಡನೆ, ಸಹೋದ್ಯೋಗಿಗಳೊಡನೆ, ದಿನನಿತ್ಯದ ಮೇಲ್‌ಗಳಲ್ಲಿ ಸಲೀಸಾಗಿ ನಡೆಯುತ್ತದೆ. ಜಾಗ ಕಡಿಮೆ ಹಿಡಿಯುತ್ತದೆಂದು ಪತ್ರಿಕೆಗಳ ತಲೆಬರಹಗಳಿಗೂ ಅಚ್ಚುಮೆಚ್ಚು. ಸುತ್ತೋಲೆ, ಒಪ್ಪಂದ, ಅರ್ಜಿಗಳಲ್ಲಿ ಪೋಸ್ಟ್‌ಪೋನ್ ಅಥವಾ ಡಿಫರ್ ಎಂದು ಬರೆಯುವುದು ರೂಢಿ. ನಾವು ವಾಯಿದೆ ಬಿತ್ತು ಎನ್ನುವ ಕೋರ್ಟಿನ ಸಂದರ್ಭಕ್ಕೆ ಬೇರೆಯದೇ ಪದವಿದೆ, ಅಡ್ಜರ್ನ್. ವಿಧಾನಸಭೆಯ ಕಲಾಪ ಮುಂದೂಡಿದಾಗಲೂ ಅದನ್ನೇ ಬಳಸುತ್ತಾರೆ.

'ಪುಟ್ ಆಫ್ ದ ಲೈಟ್', 'ಫ್ಯಾನ್ ಪುಟ್ ಆಫ್ ಮಾಡು' ಎಂಬುದು ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ಇದೆ. ಬ್ರಿಟನ್ನಿನ ಕೆಲವು ಕಡೆಯೂ ಹೀಗೆ ಹೇಳುವುದುಂಟು, ಆದ್ದರಿಂದ ಇದನ್ನು ಶುದ್ಧ ತಪ್ಪು ಎಂದು ಮಕ್ಕಳನ್ನು ಗದರಬೇಕಿಲ್ಲ. ಆದರೆ ಹೊರಗಿನವರಿಗೆ ಥಟ್ಟನೆ ತಿಳಿಯುವುದು ಸ್ವಿಚ್ ಆಫ್ ಅಥವಾ ಟರ್ನ್ ಆಫ್.

ಇನ್ನು ನೀವೇ ಈ ಸುದ್ದಿಯನ್ನು ಇತರರಿಗೆ ಕಳಿಸಬೇಕಾದಾಗ ಹಳೆಯ ದಿನ, ಹೊಸ ದಿನ ಎರಡನ್ನೂ ಬರೆದುಬಿಡಿ: 'ದ ಮೀಟಿಂಗ್ ಆನ್ ಮಂಡೇ, 10 ಜೂನ್, ಹ್ಯಾಸ್ ಬೀನ್ ಪುಟ್ ಆಫ್ ಟಿಲ್ ಥರ್ಸ್‌ಡೇ, 13 ಜೂನ್, ಸೇಮ್ ಟೈಮ್'. ಬಂದ ಸಂದೇಶದಲ್ಲಿ ದಿನಾಂಕ ಇಲ್ಲದಿದ್ದರೆ 'ಟಿಲ್ ವೆನ್?' ಎಂದು ಮರುಪ್ರಶ್ನೆ ಹಾಕುವುದು ಒರಟಲ್ಲ, ಕೆಲಸದ ಮೇಲ್‌ಗಳಲ್ಲಿ ಅದು ಮಾಮೂಲು.